ಕರ್ಜಮಾಫಿ ಆಯಿತು, ಸಿಬಿಲ್ ಯಾಕೆ ಸರಿಹೋಗಲಿಲ್ಲ?

ಮಹಾರಾಷ್ಟ್ರದ ಅಕ್ಕಲಕೋಟ ತಾಲೂಕಿನ ಕುರನೂರದ ಸುತ್ತಮುತ್ತ ಬೋರಿ ನದಿಯ ಧರಣದ ನೀರು ಸಿಕ್ಕ ಹೊಲದಲ್ಲಿ ಕಬ್ಬು, ಸಿಗದ ಹೊಲದಲ್ಲಿ ತೊಗರಿ, ಜೋಳ. ಮಳೆ ಕೈಕೊಟ್ಟ ವರ್ಷ ಬೆಳೆಸಾಲ ಥಕಬಾಕಿಯಾಗುವುದು ಈ ಭಾಗದಲ್ಲಿ ಯಾರಿಗೂ ಹೊಸದಲ್ಲ. 2017ರ ಛತ್ರಪತಿ ಶಿವಾಜಿ ಮಹಾರಾಜ ಶೇತಕರಿ ಸನ್ಮಾನ ಯೋಜನೆಯಲ್ಲಿ ಒಂದೂವರೆ ಲಕ್ಷದ ತನಕ, 2019ರ ಕೊನೆಗೆ ಬಂದ ಮಹಾತ್ಮಾ ಜ್ಯೋತಿರಾವ್ ಫುಲೆ ಶೇತಕರಿ ಕರ್ಜಮುಕ್ತಿ ಯೋಜನೆಯಲ್ಲಿ ಎರಡು ಲಕ್ಷದ ತನಕ ಬಾಕಿ ಮನ್ನಾ ಆಯಿತು. ಪಟ್ಟಿಯಲ್ಲಿ ಹೆಸರು ಬಂತು, ಸಾಲದ ಕಾಟ ತಪ್ಪಿತು ಎಂದು ಎಷ್ಟೋ ಮನೆಗಳು ನೆಮ್ಮದಿಯಾಗಿದ್ದವು. ಈಗ ಮಗನಿಗೆ ಸೊಲ್ಲಾಪುರದಲ್ಲಿ ನೌಕರಿ ಸಿಕ್ಕಿ, ಅಪ್ಪನನ್ನು ಜೊತೆಗೆ ಸೇರಿಸಿಕೊಂಡು ಗೃಹಸಾಲಕ್ಕೆ ಅರ್ಜಿ ಹಾಕಿದರೆ ಬ್ಯಾಂಕಿನಲ್ಲಿ ಬರುವ ಉತ್ತರ: ‘ಸಿಬಿಲ್ ಖರಾಬ್ ಇದೆ’.

ಇಲ್ಲಿ ಮೊದಲು ತಿಳಿಯಬೇಕಾದದ್ದು, ಒಂದು ಸಾಲದ ಗುರುತು ಮೂರು ಕಡೆ ಇರುತ್ತದೆ ಎಂಬುದು. ಬ್ಯಾಂಕಿನ ಖಾತೆಯಲ್ಲಿ ಒಂದು, ಹೊಲದ ಪಹಣಿಯಾದ ಸಾತಬಾರಾದ ‘ಇತರ ಹಕ್ಕು’ ಕಾಲಮ್ಮಿನಲ್ಲಿ ಬೋಜಾ ಎಂದು ಇನ್ನೊಂದು, ಕ್ರೆಡಿಟ್ ಮಾಹಿತಿ ಕಂಪನಿಗಳ ದಾಖಲೆಯಲ್ಲಿ ಮತ್ತೊಂದು. ಮಾಫಿಯ ಹಣ ಬಂದಾಗ ಮೊದಲನೆಯದು ತೀರುತ್ತದೆ. ಉಳಿದ ಎರಡು ತಾವಾಗಿಯೇ ಅಳಿಯುತ್ತವೆ ಎಂದು ಕೂತವರೇ ಇವತ್ತು ಒದ್ದಾಡುತ್ತಿರುವುದು.

ನಾವು ಸಿಬಿಲ್ ಎನ್ನುವುದು ಒಂದು ಕಂಪನಿಯ ಹೆಸರು. ಅಂಥವು ದೇಶದಲ್ಲಿ ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ಇವು ನಡೆಯುವುದು 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ (ನಿಯಂತ್ರಣ) ಕಾಯ್ದೆಯ ಪ್ರಕಾರ. ಆ ಕಾಯ್ದೆಯ 21ನೇ ಕಲಮು ಸಾಲಗಾರನಿಗೆ ತನ್ನ ವರದಿಯನ್ನು ನೋಡುವ, ತಪ್ಪಿದ್ದರೆ ತಿದ್ದಿಸುವ ಹಕ್ಕು ಕೊಟ್ಟಿದೆ. ರಿಸರ್ವ್ ಬ್ಯಾಂಕಿನ ಆದೇಶದಂತೆ ಪ್ರತಿ ಕಂಪನಿಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕು. ನಿಮ್ಮ ವರದಿ ನೀವು ನೋಡಿದರೆ ಅಂಕ ಕಡಿಮೆಯಾಗುತ್ತದೆ ಎಂಬ ಮಾತು ಸುಳ್ಳು. ಅಂಕಕ್ಕೆ ಪೆಟ್ಟು ಬೀಳುವುದು ಒಂದೇ ತಿಂಗಳಲ್ಲಿ ನಾಲ್ಕಾರು ಬ್ಯಾಂಕಿಗೆ ಅರ್ಜಿ ಹಾಕಿ, ಅವರೆಲ್ಲ ನಿಮ್ಮ ವರದಿ ತೆಗೆಸಿದಾಗ.

ವರದಿ ಕೈಗೆ ಬಂದ ಮೇಲೆ ಬರೀ ಅಂಕ ನೋಡಿ ಮಡಚಿಡಬೇಡಿ. 300ರಿಂದ 900ರವರೆಗಿನ ಆ ಸಂಖ್ಯೆಗಿಂತ ಒಳಗಿನ ಪುಟಗಳು ಮುಖ್ಯ. ಪ್ರತಿ ಸಾಲಕ್ಕೂ ಹಿಂದಿನ 36 ತಿಂಗಳ ಚೌಕಗಳಿರುತ್ತವೆ. ಚೌಕದಲ್ಲಿ 000 ಇದ್ದರೆ ಆ ತಿಂಗಳು ಕಂತು ಸರಿಯಾಗಿ ಕಟ್ಟಿದ್ದೀರಿ, 060 ಇದ್ದರೆ ಕಂತು ಅರವತ್ತು ದಿನ ತಡವಾಗಿದೆ. ಖಾತೆಯ ಸ್ಥಿತಿ ಹೇಳುವ ಜಾಗದಲ್ಲಿ ‘ಕ್ಲೋಸ್ಡ್’ ಎಂದಿದ್ದರೆ ಸಾಲ ಪೂರಾ ತೀರಿದೆ ಎಂದರ್ಥ. ‘ಸೆಟಲ್ಡ್’ ಎಂದಿದ್ದರೆ ಬ್ಯಾಂಕು ಕಡಿಮೆ ಹಣಕ್ಕೆ ರಾಜಿಯಾಗಿದೆ, ‘ರಿಟನ್ ಆಫ್’ ಎಂದಿದ್ದರೆ ವಸೂಲಾಗದ ಲೆಕ್ಕಕ್ಕೆ ಬರೆದುಹಾಕಿದೆ. ಗೃಹಸಾಲ ಕೊಡುವವರ ಕಣ್ಣು ಮೊದಲು ಹೋಗುವುದು ಈ ಎರಡು ಪದಗಳ ಮೇಲೆ. ಕಂಪನಿಗಳು ಮಾಹಿತಿಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳಬೇಕೆಂಬ ನಿಯಮ ಇರುವುದರಿಂದ ‘ಹಳೇ ಮಾತು, ಮರೆತುಹೋಗಿರುತ್ತದೆ’ ಎಂದು ನಂಬಿ ಕೂರುವಂತಿಲ್ಲ.

ಮಾಫಿಯಾದ ಸಾಲದಲ್ಲಿ ಕೇಳಬೇಕಾದ ಪ್ರಶ್ನೆ ಇದು: ಬ್ಯಾಂಕಿಗೆ ಬರಬೇಕಾದದ್ದು ಪೂರ್ತಿ ಬಂತೋ ಇಲ್ಲವೋ? ಸರ್ಕಾರ ಕೊಟ್ಟದ್ದು, ನೀವು ಕಟ್ಟಿದ್ದು ಸೇರಿ ಬಾಕಿ ಪೂರಾ ತೀರಿದ್ದರೆ ‘ಕ್ಲೋಸ್ಡ್’ ಎಂದು ಬರೆಸಿಕೊಳ್ಳುವ ಹಕ್ಕು ನಿಮಗಿದೆ. ಬ್ಯಾಂಕು ತನ್ನ ಕೈಯಿಂದ ಬಡ್ಡಿಯನ್ನೋ ಅಸಲನ್ನೋ ಬಿಟ್ಟಿದ್ದರೆ ‘ಸೆಟಲ್ಡ್’ ಎಂಬುದನ್ನು ತಪ್ಪೆನ್ನಲಾಗದು. ಆಗಲೂ ದಾರಿ ಮುಚ್ಚಿಲ್ಲ. ಬಿಟ್ಟುಕೊಟ್ಟ ಮೊತ್ತ ಎಷ್ಟು ಎಂದು ಬರಹದಲ್ಲಿ ಕೇಳಿ, ಅದನ್ನು ಕಟ್ಟಿದರೆ ಸ್ಥಿತಿಯನ್ನು ‘ಕ್ಲೋಸ್ಡ್’ ಎಂದು ಬದಲಿಸುವ ಒಪ್ಪಿಗೆಯನ್ನೂ ಬರಹದಲ್ಲೇ ಪಡೆದು, ಆಮೇಲೆ ಹಣ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಬಾಯಿಮಾತಿನ ಭರವಸೆ ಮೇಲೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಲೋಕ ಅದಾಲತ್ತಿನಲ್ಲಿ ರಾಜಿಯಾದವರಿಗೂ ಇದೇ ಮಾತು: ಅಲ್ಲಿನ ತೀರ್ಪು ಕೋರ್ಟಿನ ಡಿಕ್ರಿಗೆ ಸಮ, ಆದರೆ ಕಡಿಮೆ ಹಣಕ್ಕೆ ರಾಜಿಯಾಗಿದ್ದರೆ ವರದಿಯಲ್ಲಿ ‘ಸೆಟಲ್ಡ್’ ಎಂದೇ ಬರುತ್ತದೆ. 2023ರ ಜೂನ್‌ನ ರಿಸರ್ವ್ ಬ್ಯಾಂಕ್ ಚೌಕಟ್ಟಿನಂತೆ, ಕೃಷಿಸಾಲ ಬಿಟ್ಟು ಬೇರೆ ಸಾಲಗಳಲ್ಲಿ ರಾಜಿ ಮಾಡಿಕೊಂಡವರಿಗೆ ಅದೇ ಬ್ಯಾಂಕು ಕನಿಷ್ಠ 12 ತಿಂಗಳು ಹೊಸ ಸಾಲ ಕೊಡುವಂತಿಲ್ಲ.

ಬೋಜಾದ ಕೆಲಸ ಬೇರೆಯೇ. ಬ್ಯಾಂಕಿನಿಂದ ಬೇಬಾಕಿ ದಾಖಲೆ ತಂದು ತಲಾಠಿ ಕಚೇರಿಗೆ ಕೊಟ್ಟು, ಇಲ್ಲವೇ ಮಹಾರಾಷ್ಟ್ರ ಸರ್ಕಾರದ ಇ-ಹಕ್ಕು ವ್ಯವಸ್ಥೆಯಲ್ಲಿ ಅರ್ಜಿ ಹಾಕಿ, ಫೇರಫಾರ್, ಅಂದರೆ ದಾಖಲೆಯ ಬದಲಾವಣೆ, ಮಾಡಿಸಬೇಕು. ಹೊಸ ಸಾತಬಾರಾ ತೆಗೆಸಿ ಬೋಜಾ ಹೋಗಿದೆಯೇ ಎಂದು ಕಣ್ಣಾರೆ ನೋಡಬೇಕು.

ವರದಿಯಲ್ಲಿ ತಪ್ಪೇ ಇದ್ದರೆ? ನಮ್ಮ ಭಾಗದಲ್ಲಿ ಇದು ಹೆಚ್ಚು. ಸೊಲ್ಲಾಪುರ ಸಿದ್ಧರಾಮೇಶ್ವರನ ನೆಲ, ಸಿದ್ಧರಾಮ ಎಂಬ ಹೆಸರಿನವರು ಊರೂರಲ್ಲೂ ಇದ್ದಾರೆ. ಕನ್ನಡದ ಹೆಸರು ಮರಾಠಿ ಕಾಗದದಲ್ಲಿ ಒಂದು ಥರ, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು ಥರ. ಒಬ್ಬನ ಟ್ರ್ಯಾಕ್ಟರ್ ಸಾಲ ಮತ್ತೊಬ್ಬನ ವರದಿಗೆ ಸೇರಿಕೊಳ್ಳಲು ಇಷ್ಟು ಸಾಕು. ಕಂಪನಿಯ ಜಾಲತಾಣದಲ್ಲಿ ತಕರಾರು ದಾಖಲಿಸಿ, ಬ್ಯಾಂಕಿಗೂ ಬರೆದು ಸ್ವೀಕೃತಿ ಪಡೆಯಿರಿ. 30 ದಿನದೊಳಗೆ ಇತ್ಯರ್ಥವಾಗಬೇಕು. ಅಷ್ಟರಲ್ಲಿ ಆಗದಿದ್ದರೆ ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ 2023ರ ಅಕ್ಟೋಬರ್‌ನ ಆದೇಶ ಹೇಳುತ್ತದೆ. ಅದು 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನೂರು ರೂಪಾಯಿ ಸಣ್ಣದಾಗಿ ಕಂಡೀತು, ಆದರೆ ತಾರೀಖಿನ ಲೆಕ್ಕ ಇಟ್ಟುಕೊಂಡು ಕೇಳುವ ಗಿರಾಕಿಯ ಅರ್ಜಿ ಮೂಲೆಗೆ ಬೀಳುವುದಿಲ್ಲ.

ಅದಕ್ಕೂ ಮಣಿಯದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ ಇದ್ದಾರೆ. ಕ್ರೆಡಿಟ್ ಮಾಹಿತಿ ಕಂಪನಿಗಳೂ 2022ರ ಸೆಪ್ಟೆಂಬರ್ 1ರಿಂದ ಈ ವ್ಯವಸ್ಥೆಯೊಳಗೆ ಬಂದಿವೆ. ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಜಾಲತಾಣದಲ್ಲೂ ಹಾಕಬಹುದು, ಚಂಡೀಗಡದ ಕೇಂದ್ರಕ್ಕೆ ಅಂಚೆಯಲ್ಲೂ ಕಳಿಸಬಹುದು. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾಹಿತಿ ಸಿಗುತ್ತದೆ. ಮಹಾರಾಷ್ಟ್ರದಲ್ಲಿದ್ದುಕೊಂಡು ಕನ್ನಡ ಶಾಲೆ ಓದಿದವರಿಗೆ ಇದು ಸಣ್ಣ ಅನುಕೂಲವಲ್ಲ. ಕಾಗದಪತ್ರ ಬರೆಯಲು ನೆರವು ಬೇಕಾದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು, 15100ಕ್ಕೆ ಕರೆ ಮಾಡಬಹುದು. ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ವರಮಾನ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ‘ಐದು ಸಾವಿರ ಕೊಡಿ, ಸಿಬಿಲ್ ಕ್ಲೀನ್ ಮಾಡಿಕೊಡುತ್ತೇನೆ’ ಎನ್ನುವವರನ್ನು ದೂರವಿಡಿ. ಕಾನೂನಿನಲ್ಲಿ ಪುಕ್ಕಟೆ ಇರುವುದನ್ನೇ ಅವರು ಮಾರುತ್ತಾರೆ, ಜೊತೆಗೆ ನಿಮ್ಮ ಆಧಾರ್, ಪ್ಯಾನ್, ಓಟಿಪಿ ಅವರ ಕೈಸೇರುತ್ತವೆ.

ಜಾಮೀನಿನ ವಿಷಯ ಹೇಳದೆ ಮುಂದೆ ಹೋಗಲಾರೆ. ಬೀಗರ ಟ್ರ್ಯಾಕ್ಟರಿಗೆ, ಭಾವನ ಪಂಪ್‌ಸೆಟ್ಟಿಗೆ ಸಹಿ ಹಾಕಿ ಮರೆತುಬಿಡುತ್ತೇವೆ. ಕರಾರು ಕಾಯ್ದೆಯ 128ನೇ ಕಲಮಿನಂತೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಆ ಸಾಲ ನಿಮ್ಮ ವರದಿಯಲ್ಲೂ ಕಾಣುತ್ತದೆ, ಅದು ಹಳ್ಳ ಹಿಡಿದರೆ ನಿಮ್ಮ ಗೃಹಸಾಲವೂ ನಿಲ್ಲುತ್ತದೆ. ನೀವೇ ಆ ಬಾಕಿ ಕಟ್ಟಬೇಕಾಗಿ ಬಂದರೆ, ಕಟ್ಟಿದ ಹಣವನ್ನು ಮೂಲ ಸಾಲಗಾರನಿಂದ ವಸೂಲು ಮಾಡುವ ಹಕ್ಕನ್ನು ಅದೇ ಕಾಯ್ದೆಯ 140 ಮತ್ತು 145ನೇ ಕಲಮುಗಳು ಕೊಡುತ್ತವೆ. ಸಂಬಂಧ ಕೆಡುತ್ತದೆಂದು ಇದನ್ನು ಯಾರೂ ಬಳಸುವುದಿಲ್ಲ. ಒಂದು ನೋಟಿಸಾದರೂ ಕೊಟ್ಟಿಟ್ಟುಕೊಳ್ಳುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಹೆಂಡತಿಯ ಹೆಸರು ಅರ್ಜಿಯಲ್ಲಿದ್ದರೆ ಅವಳ ಗುಂಪಿನ ಮೈಕ್ರೋಫೈನಾನ್ಸ್ ಸಾಲವನ್ನೂ ನೋಡುತ್ತಾರೆ. ಅವಳ ವರದಿಯನ್ನೂ ಮುಂಚೆಯೇ ತೆಗೆಸಿ ನೋಡಿ.

ದಾಖಲೆ ಸರಿಯಾದ ಮೇಲೆ ಹೊಸ ನಡತೆ ತೋರಿಸಬೇಕು. ಚಿನ್ನದ ಮೇಲಿನ ಸಣ್ಣ ಸಾಲ, ಠೇವಣಿಯ ಮೇಲೆ ಕೊಡುವ ಕ್ರೆಡಿಟ್ ಕಾರ್ಡು, ಇಂಥದ್ದೊಂದನ್ನು ತಪ್ಪದೆ ವರ್ಷ ಒಂದೂವರೆ ವರ್ಷ ಕಟ್ಟಿದರೆ ಚೌಕಗಳಲ್ಲಿ 000 ಸಾಲುಗಟ್ಟುತ್ತವೆ. 2025ರಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕಾಗಿದೆ, ಹಾಗಾಗಿ ಸುಧಾರಣೆ ಬೇಗ ಕಾಣುತ್ತದೆ. ಎಂದೂ ಸಾಲವನ್ನೇ ಮಾಡದ ಮಗನ ಅರ್ಜಿಯನ್ನು ಕ್ರೆಡಿಟ್ ಇತಿಹಾಸ ಇಲ್ಲ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಅವನ ಸಂಬಳ ಸಾಕಾಗುವಂತಿದ್ದರೆ ಅಪ್ಪನ ಹೆಸರು ಸೇರಿಸದೆ ಅರ್ಜಿ ಹಾಕುವುದೇ ಜಾಣತನ. ವರದಿಯ ಕಾರಣಕ್ಕೆ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ.

ಅಂಕ ಇನ್ನೂ ಏರದಿದ್ದಾಗ ಹೆಚ್ಚು ಬಡ್ಡಿಗೆ ಹೌಸಿಂಗ್ ಫೈನಾನ್ಸ್ ಕಂಪನಿಗಳಲ್ಲಿ ಸಾಲ ಸಿಗಬಹುದು. ತೆಗೆದುಕೊಳ್ಳುವುದೇ ಆದರೆ ಬದಲಾಗುವ ಬಡ್ಡಿದರದ ಸಾಲವನ್ನೇ ಆರಿಸಿ. ಮನೆಗಾಗಿ ವ್ಯಕ್ತಿಗಳು ಪಡೆದ ಅಂಥ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ, ಆದ್ದರಿಂದ ಅಂಕ ಸುಧಾರಿಸಿದ ಮೇಲೆ ಕಡಿಮೆ ಬಡ್ಡಿಯ ಬ್ಯಾಂಕಿಗೆ ವರ್ಗಾಯಿಸಿಕೊಳ್ಳಬಹುದು. ಹಾಗೆ ಪೂರಾ ತೀರಿಸಿದ 30 ದಿನದೊಳಗೆ ಮನೆಯ ಮೂಲ ದಸ್ತಾವೇಜುಗಳು ವಾಪಸ್ ಬರಬೇಕು. ಸಾಲ ಕೊಟ್ಟವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಅವರೇ ನಿಮಗೆ ಕೊಡಬೇಕು. ಈ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ.