ಚಿನ್ನಿಯ ಗಜಕರ್ಣ, ಮನೆಯ ಕೌದಿಗಳು

ಚಂದಾಪುರದಲ್ಲಿ ತೊಗರಿ ಬೆಳೆಯುವ ಮನೆಯೆಂದರೆ ಅಲ್ಲಿ ಬೆಕ್ಕು ಇದ್ದೇ ಇರುತ್ತದೆ. ರಾಶಿ ಮುಗಿದು ಚೀಲಗಳು ಪಡಸಾಲೆ ಸೇರಿದ ದಿನದಿಂದ ಇಲಿಗಳ ಕಾಟ ಶುರು. ನಮ್ಮ ಚಿನ್ನಿಯೂ ಆ ಕೆಲಸಕ್ಕೆಂದೇ ಬಂದವಳು, ಆಮೇಲೆ ಮಕ್ಕಳ ಹಾಸಿಗೆ ಸೇರಿಕೊಂಡಳು. ಒಂದು ಮಳೆಗಾಲದಲ್ಲಿ ಅವಳ ಕಿವಿಯ ಬುಡದ ಕೂದಲು ಉದುರಿ, ನಾಣ್ಯದಗಲದ ಬೋಳು ಕಲೆಯೊಂದು ಕಂಡಿತು. ಅಂಚಿನಲ್ಲಿ ಬೂದಿ ಬಣ್ಣದ ಹೊಟ್ಟು. ಅಷ್ಟೇನೂ ತುರಿಸಿಕೊಳ್ಳುತ್ತಿರಲಿಲ್ಲ, ಊಟ ಆಟ ಎಲ್ಲ ಸರಿಯಾಗಿಯೇ ಇತ್ತು. ಅತ್ತೆ ಒಂದೇ ನೋಟಕ್ಕೆ ಹೇಳಿದರು: "ಗಜಕರ್ಣ ಅದ ಇದು. ಹುಡುಗರಿಗಿ ಹತ್ತತದ, ದೂರ ಇಡವ್ವ."

ಅವರ ಅನುಭವ ದನದ ಕೊಟ್ಟಿಗೆಯದು. ಕರುಗಳಿಗೆ ಕಣ್ಣಿನ ಸುತ್ತ, ಕುತ್ತಿಗೆಯ ಮೇಲೆ ದಪ್ಪ ಹೆಕ್ಕಳೆಗಟ್ಟುವ ಗಜಕರ್ಣವನ್ನು ನಮ್ಮ ಕಡೆ ಎಲ್ಲರೂ ನೋಡಿದವರೇ. ಕೆಲವು ತಿಂಗಳಲ್ಲಿ ಅದು ತಾನೇ ಉದುರಿ ಹೋಗುತ್ತದೆ. ಹಾಗಾಗಿ ಬೆಕ್ಕಿನದೂ ಹೋಗುತ್ತದೆಂದು ಓಣಿಯವರೆಲ್ಲ ಧೈರ್ಯ ಹೇಳಿದರು. ಆದರೆ ಕರುವಿನ ಶಿಲೀಂಧ್ರ ಬೇರೆ, ಬೆಕ್ಕಿನದು ಬೇರೆ. ಕರುವಿಗೆ ಹತ್ತುವುದು ಸಾಮಾನ್ಯವಾಗಿ ಟ್ರೈಕೊಫೈಟನ್ ವೆರುಕೋಸಂ. ಬೆಕ್ಕಿಗೆ ಬಹುತೇಕ ಮೈಕ್ರೊಸ್ಪೋರಂ ಕ್ಯಾನಿಸ್. ಗಟ್ಟಿಮುಟ್ಟಾದ ಬೆಕ್ಕಿಗೂ ಕೆಲವು ತಿಂಗಳಲ್ಲಿ ತಾನಾಗಿ ವಾಸಿಯಾಗಬಹುದು, ಅದು ಸುಳ್ಳಲ್ಲ. ಆದರೆ ಕರು ಕೊಟ್ಟಿಗೆಯಲ್ಲಿ ಕಟ್ಟಿಹಾಕಿದಲ್ಲೇ ಇರುತ್ತದೆ. ಬೆಕ್ಕು ಆ ತಿಂಗಳುಗಳನ್ನೆಲ್ಲ ನಮ್ಮ ಹಾಸಿಗೆ, ಕೌದಿ, ಮಕ್ಕಳ ತೊಡೆಯ ಮೇಲೆ ಕಳೆಯುತ್ತದೆ.

ತಾಲೂಕಿನ ದನದ ದವಾಖಾನಿಯಲ್ಲಿ ಕ್ಲೊಟ್ರಿಮಾಜೋಲ್ ಮುಲಾಮು ಬರೆದುಕೊಟ್ಟರು. ಹಚ್ಚಿದೆವು, ಕಲೆ ಮಾಯಿತು, ಕೂದಲೂ ಬಂತು. ಮರುತಿಂಗಳು ಮುಂಗಾಲಿನ ಮೇಲೆ ಇನ್ನೊಂದು ಕಲೆ. ಅದರ ಹಿಂದೆಯೇ ಮೈದುನನ ಮಗಳ ಮೊಳಕೈ ಹತ್ತಿರ ಕೆಂಪು ಉಂಗುರ. ಇಷ್ಟಾದ ಮೇಲೆ ಸಲಹೆಗಳಿಗೆ ಬರವಿರಲಿಲ್ಲ. ಒಬ್ಬರು ಚಿಮಣಿ ಎಣ್ಣೆ ಹಚ್ಚು ಅಂದರು, ಇನ್ನೊಬ್ಬರು ತಗಚಿ ಬೀಜ ಮಜ್ಜಿಗೆಯಲ್ಲಿ ಅರೆದು ಹಚ್ಚು ಅಂದರು. ಮೂರನೆಯವರು ಬಹಳ ಸಹಜವಾಗಿ, "ಚೀಲದಾಗ ಹಾಕಿ ಚಂದ್ರಂಪಳ್ಳಿ ಕಡಿ ಬಿಟ್ಟು ಬರ್ರಿ" ಎಂದರು. ಚಂದ್ರಂಪಳ್ಳಿ ಕೆರೆಯ ಆಸುಪಾಸು ಚಿಂಚೋಳಿ ವನ್ಯಜೀವಿಧಾಮದ ಕಾಡು. ಸೋಂಕಿನ ಬೆಕ್ಕನ್ನು ಅಲ್ಲಿ ಬಿಟ್ಟರೆ ಅದು ಹಸಿವಿನಿಂದ ಸೊರಗುತ್ತದೆ, ಸೊರಗಿದ ಮೈಯಲ್ಲಿ ಗಜಕರ್ಣ ಇನ್ನಷ್ಟು ಹರಡುತ್ತದೆ, ಹತ್ತಿರದ ತಾಂಡಾಗಳ ಬೆಕ್ಕುಗಳಿಗೂ ಮಕ್ಕಳಿಗೂ ಹತ್ತುತ್ತದೆ. ವಾಸಿಯಾಗುವ ಕಾಯಿಲೆಗೆ ಒಂದು ಜೀವವನ್ನು ಹೀಗೆ ಬಿಟ್ಟುಬರುವುದು ನನಗೆ ಸಾಧ್ಯವೇ ಇರಲಿಲ್ಲ.

ಬುಟ್ಟಿಯಲ್ಲಿ ಚಿನ್ನಿಯನ್ನು ಕೂರಿಸಿಕೊಂಡು ಮನ್ನಾಎಖೇಳಿ ಮೇಲೆ ಹಾದು ಬೀದರಿಗೆ ಹೋದೆವು, ನಂದಿನಗರದ ಪಶುವೈದ್ಯಕೀಯ ಕಾಲೇಜಿಗೆ. ಕೋಣೆ ಕತ್ತಲು ಮಾಡಿ, ನೇರಳೆ ಬೆಳಕಿನ ವುಡ್ಸ್ ಲ್ಯಾಂಪ್ ಹಿಡಿದರು. ಮುಂಗಾಲಿನ ಸೋಂಕಿದ ಕೂದಲಿನ ಬುಡಗಳು ಎಳೆ ಹಸಿರಾಗಿ ಹೊಳೆದವು. ಕಲೆಯೇ ಇಲ್ಲದ ಬಾಲದ ಬುಡದಲ್ಲೂ ಒಂದೆರಡು ಕೂದಲು ಹೊಳೆದದ್ದನ್ನು ನಾನೇ ಕಂಡೆ. ಅಲ್ಲಿಯವರೆಗೆ ಮುಲಾಮು ಹಚ್ಚಿದ್ದು ಕಣ್ಣಿಗೆ ಕಂಡ ಕಲೆಗೆ ಮಾತ್ರ.

ವೈದ್ಯರು ಕೇಳಿದ ಮೊದಲ ಪ್ರಶ್ನೆ, ಮನೆಯಲ್ಲಿ ಬೇರೆ ಬೆಕ್ಕು ಇದೆಯೇ ಎಂದು. ಇತ್ತು. ಬೂದು ಬಣ್ಣದ ಗಂಡು ಬೆಕ್ಕು, ಮೈಮೇಲೆ ಒಂದು ಗೀರೂ ಇಲ್ಲ. ಅದರ ಮೈಯನ್ನು ಹೊಸ ಟೂತ್ ಬ್ರಶ್ಶಿನಿಂದ ತಲೆಯಿಂದ ಬಾಲದವರೆಗೆ ಉಜ್ಜಿ, ಬ್ರಶ್ಶನ್ನು ಪೊಟ್ಟಣದಲ್ಲಿ ಕಟ್ಟಿ ತರಲು ಹೇಳಿದರು. ಬ್ರಶ್ಶಿಗೆ ಅಂಟಿದ ಕೂದಲನ್ನು ಪೋಷಕ ಮಾಧ್ಯಮ ಹಾಕಿದ ತಟ್ಟೆಯಲ್ಲಿ ಒತ್ತಿ ಇಟ್ಟರೆ ಎರಡು ಮೂರು ವಾರದಲ್ಲಿ ಶಿಲೀಂಧ್ರ ಬೆಳೆದು ಕಾಣಿಸಿಕೊಳ್ಳುತ್ತದೆ. ಗಂಡು ಬೆಕ್ಕಿನ ತಟ್ಟೆಯಲ್ಲೂ ಬೆಳೆಯಿತು. ಅದಕ್ಕೆ ಸೋಂಕೇ ತಗುಲಿತ್ತೋ, ಚಿನ್ನಿಯ ಪಕ್ಕ ಮಲಗಿ ಬೀಜಕಣಗಳನ್ನು ಕೂದಲಲ್ಲಿ ಹೊತ್ತಿತ್ತೋ, ಹೇಗಿದ್ದರೂ ಒಂದಕ್ಕೆ ಔಷಧ ಕೊಟ್ಟು ಇನ್ನೊಂದನ್ನು ಬಿಟ್ಟರೆ ಕಾಯಿಲೆ ಮನೆಯೊಳಗೇ ಸುತ್ತುತ್ತಿರುತ್ತದೆ.

ಈ ರೋಗದ ಹಟವೆಲ್ಲ ಉದುರುವ ಕೂದಲಿನಲ್ಲಿದೆ. ಶಿಲೀಂಧ್ರ ಕೂದಲಿನ ಕೆರಟಿನ್ ತಿಂದು ಬದುಕುತ್ತದೆ. ಆಗ ಕೂದಲು ಪೆಡಸಾಗಿ ಮುರಿಯುತ್ತದೆ, ಮುರಿದ ಪ್ರತಿ ತುಂಡಿನ ಮೇಲೂ ಬೀಜಕಣಗಳು. ಅನುಕೂಲ ಸಿಕ್ಕರೆ ಅವು ಒಂದೂವರೆ ವರ್ಷದವರೆಗೂ ಜೀವ ಹಿಡಿದಿರಬಲ್ಲವು. ನೆಲದ ಮೇಲೆ ಅವು ಹೆಚ್ಚುವುದಿಲ್ಲ, ಬೆಳೆಯಲು ಮೈಯೇ ಬೇಕು. ಅಂದರೆ ಬಿದ್ದ ಕೂದಲನ್ನು ತೆಗೆದಷ್ಟೂ ಲಾಭ, ಮನೆಯನ್ನು ಆಪರೇಷನ್ ಕೋಣೆ ಮಾಡುವ ಅಗತ್ಯವಿಲ್ಲ. ಇದು ತಿಳಿದ ಮೇಲೆ ನನ್ನ ಭಯ ಎಷ್ಟೋ ಇಳಿಯಿತು.

ಔಷಧ ಇಟ್ರಾಕೊನಾಜೋಲ್. ಕಿಲೋಗೆ 5 ಮಿಲಿಗ್ರಾಂ ಲೆಕ್ಕದಲ್ಲಿ ದಿನಕ್ಕೊಮ್ಮೆ, ಒಂದು ವಾರ ಕೊಟ್ಟು ಒಂದು ವಾರ ಬಿಡುವುದು, ಹೀಗೆ ಮೂರು ಸುತ್ತು. ಔಷಧ ಕೂದಲಿನಲ್ಲಿ ಉಳಿದುಕೊಳ್ಳುವುದರಿಂದ ಬಿಟ್ಟ ವಾರವೂ ಕೆಲಸ ಮಾಡುತ್ತದೆ. ಮನುಷ್ಯರ ಮೆಡಿಕಲ್‌ನಲ್ಲಿ ಸಿಗುವುದು 100 ಮಿಲಿಗ್ರಾಂ ಕ್ಯಾಪ್ಸೂಲ್, ಮೂರು ಕಿಲೋ ತೂಗುವ ಬೆಕ್ಕಿಗೆ ಬೇಕಾದದ್ದು 15. ಕ್ಯಾಪ್ಸೂಲ್ ಬಿಚ್ಚಿದರೆ ಒಳಗೆ ಸಣ್ಣ ಸಣ್ಣ ಗುಳಿಗೆ ಕಾಳುಗಳು. ಅವನ್ನು ಹೇಗೆ ಪಾಲು ಮಾಡಬೇಕೆಂದು ವೈದ್ಯರೇ ಕೂತು ತೋರಿಸಿದರು. ಅಂದಾಜಿನ ಮೇಲೆ ಯಾರೂ ಮಾಡಬಾರದ ಕೆಲಸ ಅದು. ಹೊಟ್ಟೆಗೆ ಆಹಾರ ಬಿದ್ದಾಗ ಈ ಔಷಧವನ್ನು ಮೈ ಚೆನ್ನಾಗಿ ಹೀರಿಕೊಳ್ಳುತ್ತದೆ, ಅದಕ್ಕೇ ತುಪ್ಪದಲ್ಲಿ ಕಲಸಿ ನೆಕ್ಕಿಸುತ್ತಿದ್ದೆ. ಬೆಕ್ಕು ಊಟ ಬಿಟ್ಟರೆ, ವಾಂತಿ ಮಾಡಿದರೆ ನಿಲ್ಲಿಸಿ ಫೋನ್ ಮಾಡಬೇಕೆಂಬ ಸೂಚನೆಯಿತ್ತು, ಯಕೃತ್ತಿಗೆ ತೊಂದರೆಯಾಗುವ ಸಂಭವ ಇರುವುದರಿಂದ. ಹಳೆಯ ಗ್ರಿಸಿಯೋಫುಲ್ವಿನ್ ಇನ್ನೂ ಅಂಗಡಿಗಳಲ್ಲಿದೆ, ಅಗ್ಗ. ಆದರೆ ಕೆಲವು ಬೆಕ್ಕುಗಳಲ್ಲಿ ಅದು ಮೂಳೆಮಜ್ಜೆಯನ್ನು ಕುಂದಿಸುತ್ತದೆ, ಗಬ್ಬದ ಬೆಕ್ಕಿಗೆ ಕೊಟ್ಟರೆ ಮರಿಗಳಿಗೆ ಅಂಗದೋಷ ಬರುತ್ತದೆ.

ಇದರ ಜೊತೆಗೆ ವಾರಕ್ಕೆರಡು ಸಲ ಮೈಕೊನಾಜೋಲ್, ಕ್ಲೋರ್‌ಹೆಕ್ಸಿಡಿನ್ ಕೂಡಿದ ಶಾಂಪೂ ಸ್ನಾನ. ನೊರೆ ಹತ್ತು ನಿಮಿಷ ಮೈಮೇಲಿರಬೇಕು. ಒಳಗಿನ ಗುಳಿಗೆ ಬೆಕ್ಕನ್ನು ವಾಸಿ ಮಾಡುತ್ತದೆ, ಹೊರಗಿನ ಸ್ನಾನ ಕೂದಲಿನ ಮೇಲಿನ ಬೀಜಕಣ ಕೊಂದು ಮನೆಯನ್ನು ಕಾಪಾಡುತ್ತದೆ. ಎರಡೂ ಬೆಕ್ಕುಗಳಿಗೆ, ಎರಡೂ ಚಿಕಿತ್ಸೆ. ನಾನು ಹಿಡಿದರೆ ಅತ್ತೆ ಉಗುರುಬೆಚ್ಚನೆ ನೀರು ಹಾಕುವರು. ಮೊದಲು ಬೆಕ್ಕನ್ನು ಕಳಿಸಿಬಿಡು ಎನ್ನುತ್ತಿದ್ದವರು, ಸ್ನಾನದ ನಂತರ ಬಿಸಿಲಿಗೆ ಒಯ್ದು ಒರೆಸುವುದನ್ನು ತಾವೇ ವಹಿಸಿಕೊಂಡರು.

ಹೆಚ್ಚು ಶ್ರಮ ಹಿಡಿದದ್ದು ಮನೆ. ನಮ್ಮದು ಶಹಾಬಾದ್ ಫರ್ಸಿಯ ನೆಲ. ಕಲ್ಲು ಒರೆಸಲು ಸುಲಭ, ಸಂದುಗಳಲ್ಲಿ ಮಾತ್ರ ಕೂದಲು ಕೂತಿರುತ್ತದೆ. ಕಸಬರಿಗೆ ಆಡಿಸಿದರೆ ಕೂದಲು ಹಾರಿ ಬೇರೆ ಕಡೆ ಕೂರುತ್ತದೆಂದು, ದಿನವೂ ಒದ್ದೆ ಬಟ್ಟೆಯಿಂದ ಬಳಿದು ತೆಗೆದೆವು. ಸಾಬೂನು ನೀರಿನಿಂದ ಉಜ್ಜಿ ಕೊಳೆ ಹೋದ ಮೇಲಷ್ಟೇ ತೆಳು ಬ್ಲೀಚ್ ನೀರು, ಅದೂ ಬೆಕ್ಕುಗಳನ್ನು ಹೊರಗಿಟ್ಟು. ಕೊಳೆಯ ಮೇಲೆ ಸುರಿದ ಬ್ಲೀಚ್ ವ್ಯರ್ಥ. ಕರಿ ಫಿನಾಯಿಲ್ ಮಾತ್ರ ಬೇಡವೇ ಬೇಡ. ಫೀನಾಲ್ ಜಾತಿಯ ವಿಷವನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ, ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿದರೂ ಅಪಾಯ. ಚಿಮಣಿ ಎಣ್ಣೆಯನ್ನು ನಾನು ಹತ್ತಿರ ಸೇರಿಸದಿದ್ದದ್ದೂ ಇದೇ ಕಾರಣಕ್ಕೆ: ಬೆಕ್ಕಿನ ಮೈಗೆ ಹಚ್ಚಿದ್ದೆಲ್ಲ ಅದರ ಹೊಟ್ಟೆ ಸೇರುತ್ತದೆ.

ಇನ್ನು ಕೌದಿಗಳು. ಹಳೆ ಸೀರೆಗಳ ಪದರು ಪದರು ಹೊಲಿದ ಕೌದಿಯಲ್ಲಿ ಕೂದಲು ಹೊಲಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಅವನ್ನು ಸುಡಬೇಕಾಗುತ್ತದೆಂದು ಅತ್ತೆ ಅಂಜಿದ್ದರು, ಅದರಲ್ಲಿ ಅವರ ತಾಯಿ ಹೊಲಿದದ್ದೂ ಒಂದಿತ್ತು. ಸುಡಬೇಕಾಗಲಿಲ್ಲ. ಸಾಬೂನು ಹಾಕಿ ಚೆನ್ನಾಗಿ ಕುಕ್ಕಿ ಎರಡು ಸಲ ಒಗೆದರೆ ಸಾಕು, ಕುದಿಸುವುದೂ ಬೇಡ, ಬ್ಲೀಚೂ ಬೇಡ. ಬೀಜಕಣ ನೀರಿನೊಂದಿಗೆ ಕೊಚ್ಚಿಹೋಗುತ್ತದೆ. ಒಗೆದ ಮೇಲೆ ಅವು ಅಟ್ಟಕ್ಕೆ ಹೋದವು. ಬೆಕ್ಕುಗಳಿಗೆ ಬಾಗಿಲಿರುವ ಸಣ್ಣ ಕೋಣೆ, ದಿನ ಬಿಟ್ಟು ದಿನ ಬದಲಿಸುವ ಹಳೆ ಪಂಚೆ.

ಮಗುವಿನ ಕೈಯ ವಿಷಯದಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಮೆಡಿಕಲ್ ಅಂಗಡಿಯಲ್ಲಿ ಗಜಕರ್ಣಕ್ಕೆಂದು ಕೇಳಿದರೆ, ಶಿಲೀಂಧ್ರದ ಔಷಧದ ಜೊತೆ ಕ್ಲೊಬೆಟಾಸಾಲ್‌ನಂಥ ಸ್ಟಿರಾಯ್ಡ್ ಬೆರೆಸಿದ ಟ್ಯೂಬ್ ಕೈಗೆ ಬರುವುದುಂಟು. ಎರಡೇ ದಿನಕ್ಕೆ ಕೆಂಪು ಇಳಿದು ತುರಿಕೆ ನಿಲ್ಲುತ್ತದೆ, ಜನ ನಂಬುತ್ತಾರೆ. ಆದರೆ ಸ್ಟಿರಾಯ್ಡ್ ಚರ್ಮದ ಪ್ರತಿರೋಧವನ್ನು ಮಲಗಿಸಿ, ಶಿಲೀಂಧ್ರಕ್ಕೆ ಹರಡಲು ದಾರಿ ಬಿಡುತ್ತದೆ. ಔಷಧಕ್ಕೆ ಬಗ್ಗದ ಗಜಕರ್ಣ ಭಾರತದಲ್ಲಿ ಮನುಷ್ಯರ ನಡುವೆ ಇಷ್ಟು ಹಬ್ಬಲು ಇಂಥ ಟ್ಯೂಬುಗಳೂ ಒಂದು ಕಾರಣವೆಂದು ಚರ್ಮವೈದ್ಯರು ಹೇಳುತ್ತಲೇ ಬಂದಿದ್ದಾರೆ. 2018ರಲ್ಲಿ ಸರ್ಕಾರ 14 ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಆದೇಶಿಸಿತು. ಕಲಬುರಗಿಯ ಚರ್ಮವೈದ್ಯರು ಮಗುವಿನ ಕೈ ನೋಡಿ, "ಮನ್ಯಾಗ ಬೆಕ್ಕು ಅದ ಏನ್ರೀ?" ಎಂದು ಕೇಳಿ, ಸ್ಟಿರಾಯ್ಡ್ ಇಲ್ಲದ ಮುಲಾಮು ಕೊಟ್ಟರು. ಕಲೆ ಮಾಯ್ದ ಮೇಲೂ ಕೆಲವು ದಿನ ಹಚ್ಚಿಸಿದರು, ತಲೆಯ ಕೂದಲಲ್ಲಿ ಕಲೆ ಕಂಡರೆ ತಡಮಾಡದೆ ಬನ್ನಿ ಎಂದರು, ಅಲ್ಲಿಗೆ ಬಂದರೆ ಮುಲಾಮು ಸಾಲದು, ಗುಳಿಗೆಯೇ ಬೇಕು.

ಮೂರು ಸುತ್ತು ಮುಗಿಯುವ ಮೊದಲೇ ಚಿನ್ನಿಯ ಕೂದಲು ತುಂಬಿ ಬಂದಿತ್ತು. ಮಕ್ಕಳು ಬಾಗಿಲ ಹೊರಗೆ ಕೂತು ಅವಳನ್ನು ಕರೆಯುವುದು ಕೇಳಿದಾಗ ತೆರೆದುಬಿಡಬೇಕೆನ್ನಿಸುತ್ತಿತ್ತು. ಆದರೆ ಮುಲಾಮಿನ ಕಾಲಕ್ಕೂ ಕೂದಲು ಹೀಗೆಯೇ ಬಂದಿತ್ತಲ್ಲ. ಟೂತ್ ಬ್ರಶ್ ಪೊಟ್ಟಣಗಳು ಮತ್ತೆ ಎರಡು ಬಾರಿ ಬೀದರಿಗೆ ಹೋದವು. ಎರಡು ಬಾರಿಯೂ ತಟ್ಟೆಯಲ್ಲಿ ಏನೂ ಬೆಳೆಯಲಿಲ್ಲ ಎಂಬ ವರದಿ ಬಂದ ಮೇಲೆಯೇ ಬೆಕ್ಕುಗಳು ಪಡಸಾಲೆಗೆ ಬಂದವು. ಈಗ ಮನೆಗೆ ಹೊಸ ಮರಿ ಬಂದರೆ ಮೂರು ವಾರ ಆ ಸಣ್ಣ ಕೋಣೆಯಲ್ಲೇ ಇರುತ್ತದೆ, ಸೋಂಕಿದ್ದರೆ ಅಷ್ಟರಲ್ಲಿ ಸಾಮಾನ್ಯವಾಗಿ ಕಲೆ ಮೂಡುತ್ತದೆ. ಅಕ್ಕಪಕ್ಕದವರು ಕೇಳಿದರೆ ಮೊದಲು ಅವರ ಮನೆಯಲ್ಲಿ ಎಷ್ಟು ಬೆಕ್ಕುಗಳಿವೆ, ಎಲ್ಲೆಲ್ಲಿ ಮಲಗುತ್ತವೆ ಎಂದು ವಿಚಾರಿಸುತ್ತೇನೆ, ಔಷಧದ ಹೆಸರು ಆಮೇಲೆ.