ಗೌರವ, ಗಮನ, ಅಭಿಪ್ರಾಯ: ಇಂಗ್ಲಿಷ್ ಪತ್ರದಲ್ಲಿ ಪದಗಳ ಹೊಂದಿಕೆ



ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶವನ್ನು ಕುರಿತು ಕೇಂದ್ರ ಸರ್ಕಾರವು 2024ರ ಜುಲೈ 31ರಂದು ಹೊರಡಿಸಿದ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಪ್ರದೇಶವನ್ನು ಸೇರಿಸುವ ಪ್ರಸ್ತಾವವಿತ್ತು. ನಮ್ಮ ಜಿಲ್ಲೆಯ ಹಲವು ಗ್ರಾಮಗಳೂ ಆ ಪಟ್ಟಿಯಲ್ಲಿದ್ದವು. ಆಕ್ಷೇಪಣೆ ಮತ್ತು ಸಲಹೆಗಳಿಗೆ 60 ದಿನಗಳ ಅವಕಾಶ ನೀಡಲಾಗಿತ್ತು. ಅವು ತಲುಪಬೇಕಾಗಿದ್ದುದು ದೆಹಲಿಯ ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯವನ್ನು. ಇಂತಹ ಸಂದರ್ಭಗಳಲ್ಲಿ ಸಭೆಯು ಕನ್ನಡದಲ್ಲಿ ಖಚಿತವಾಗಿ ಹೇಳಿದ ಮಾತು ಇಂಗ್ಲಿಷ್ ಪ್ರತಿಯಲ್ಲಿ ಯಾರೋ ಒಬ್ಬರ ಅನಿಸಿಕೆಯಾಗಿ ಸೊರಗಿಹೋಗುವ ಸಂಭವವುಂಟು. ಆದುದರಿಂದ ಈ ಪಾಠ.

ಮೊದಲು ಒಂದು ಮಾತು. ಸಂವಿಧಾನದ 350ನೆಯ ಅನುಚ್ಛೇದದ ಪ್ರಕಾರ, ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ ಕನ್ನಡದಲ್ಲಿಯೇ ಮನವಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ರಾಜ್ಯದೊಳಗಿನ ಪತ್ರಗಳಿಗಂತೂ ಇಂಗ್ಲಿಷಿನ ಅಗತ್ಯವೇ ಇಲ್ಲ. ಕನ್ನಡ ಬಾರದ ಅಧಿಕಾರಿಯೂ ನೇರವಾಗಿ ಓದಿಕೊಳ್ಳಲಿ ಎಂಬ ಅನುಕೂಲಕ್ಕಷ್ಟೇ ಇಂಗ್ಲಿಷ್ ಪ್ರತಿ.

ಯಾವ ಭಾಷೆಯಲ್ಲಾದರೂ ಕೆಲವು ಪದಗಳು ತಮ್ಮ ಜೊತೆಗಾರರನ್ನು ತಾವೇ ಆರಿಸಿಕೊಂಡಿರುತ್ತವೆ. ಮತವನ್ನು ಚಲಾಯಿಸುತ್ತೇವೆ, ಓಡಿಸುವುದಿಲ್ಲ. ಗಮನವನ್ನು ಹರಿಸುತ್ತೇವೆ, ಸುರಿಯುವುದಿಲ್ಲ. ಏಕೆಂದು ಕೇಳಿದರೆ ಹಿರಿಯರು ಹಾಗೆ ಆಡಿಕೊಂಡು ಬಂದರು ಎಂಬುದೇ ಉತ್ತರ. ಇಂಗ್ಲಿಷಿನಲ್ಲಿಯೂ ಹೀಗೆಯೇ, ಕನ್ನಡದ ಕ್ರಿಯಾಪದವನ್ನು ಹಾಗೆಯೇ ಇಂಗ್ಲಿಷಿಗೆ ತಿರುಗಿಸಿದರೆ ವ್ಯಾಕರಣ ಸರಿಯಿದ್ದರೂ ಮಾತು ಒಗ್ಗುವುದಿಲ್ಲ.

ಗಮನಕ್ಕೆ ಇಂಗ್ಲಿಷಿನಲ್ಲಿ 'ಅಟೆನ್ಷನ್'. ಗಮನ ಕೊಡುವುದಕ್ಕೆ ಸಾಮಾನ್ಯವಾದ ಮಾತು 'ಪೇ ಅಟೆನ್ಷನ್'. ಹಣ ಪಾವತಿಸುವುದಕ್ಕೂ ಅದೇ 'ಪೇ'. ಆದರೆ 'ಪ್ಲೀಸ್ ಪೇ ಅಟೆನ್ಷನ್' ಎಂದು ಮೇಲಧಿಕಾರಿಗೆ ಬರೆಯುವುದು ಯುಕ್ತವಲ್ಲ; ಮೇಷ್ಟ್ರು ತರಗತಿಯ ಮಕ್ಕಳನ್ನು ಎಚ್ಚರಿಸಿದಂತೆ ಅದು ಕೇಳಿಸುತ್ತದೆ. ಪತ್ರಕ್ಕೆ ತಕ್ಕುದು 'ಡ್ರಾ'. 'ವಿ ವಿಶ್ ಟು ಡ್ರಾ ಯುವರ್ ಅಟೆನ್ಷನ್ ಟು' ಎಂದರೆ 'ತಮ್ಮ ಗಮನವನ್ನು ಈ ವಿಷಯದತ್ತ ಸೆಳೆಯಬಯಸುತ್ತೇವೆ'. ನಾವೂ ಸೆಳೆಯುತ್ತೇವೆ, ಅವರೂ ಸೆಳೆಯುತ್ತಾರೆ. ಇಲ್ಲಿ ಎರಡು ಭಾಷೆಗಳೂ ಒಂದೇ ದಾರಿಯಲ್ಲಿ ನಡೆದಿವೆ. ಮಲ್ಲಂದೂರಿನಂತಹ ಕಾಡಂಚಿನ ಊರಿನಲ್ಲಿ ಮಳೆಗೆ ಮೋರಿ ಕುಸಿದಿದ್ದರೆ 'ದಿ ಕಲ್ವರ್ಟ್ ನೀಡ್ಸ್ ಅರ್ಜೆಂಟ್ ಅಟೆನ್ಷನ್' ಎಂದರೆ ಸಾಕು. ಇಲ್ಲಿ 'ಅಟೆನ್ಷನ್' ಎಂದರೆ ಬರಿಯ ನೋಟವಲ್ಲ, ದುರಸ್ತಿಯ ಕ್ರಮ. ಆನೆಯ ದಾಳಿಯಲ್ಲಿ ಗಾಯಗೊಂಡ ಕಾರ್ಮಿಕರಿಗೆ 'ಮೆಡಿಕಲ್ ಅಟೆನ್ಷನ್' ಬೇಕು ಎಂದಾಗಲೂ ಅರ್ಥ ಚಿಕಿತ್ಸೆಯೇ.

ಗೌರವದ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. 'ಗಿವ್ ರೆಸ್ಪೆಕ್ಟ್' ನಮ್ಮ 'ಗೌರವ ಕೊಡು' ಎಂಬುದರ ನೆರಳು; 'ಶೋ ರೆಸ್ಪೆಕ್ಟ್' ಅಥವಾ 'ಟ್ರೀಟ್ ವಿತ್ ರೆಸ್ಪೆಕ್ಟ್' ಹೆಚ್ಚು ಸಹಜ. ಕೊನೆಗೆ ಒಂದು 'ಸ್' ಸೇರಿ 'ಪೇ ಅವರ್ ರೆಸ್ಪೆಕ್ಟ್ಸ್' ಎಂದಾದರೆ ಖುದ್ದಾಗಿ ಭೇಟಿಯಾಗಿ ವಂದಿಸುವುದು ಎಂದರ್ಥ. ಅದಕ್ಕೆ 'ಲಾಸ್ಟ್' ಸೇರಿತೆಂದರೆ ಅದು ಮೃತರಿಗೆ ಸಲ್ಲಿಸುವ ಅಂತಿಮ ನಮನ! ವರ್ಗಾವಣೆಗೊಂಡ ಅಧಿಕಾರಿಯ ಬೀಳ್ಕೊಡುಗೆ ಪತ್ರದಲ್ಲಿ ಈ ಪದ ನುಸುಳದಂತೆ ನೋಡಿಕೊಳ್ಳಬೇಕು. ನಮ್ಮ ಅರ್ಜಿಗಳ ಆರಂಭದಲ್ಲಿ ರೂಢಿಯಾಗಿ ಬರುವ 'ವಿತ್ ಡ್ಯೂ ರೆಸ್ಪೆಕ್ಟ್' ಎಂಬುದನ್ನು ಇಂಗ್ಲಿಷ್ ಬಲ್ಲವರು ಓದಿದೊಡನೆ ಮುಂದೆ ಭಿನ್ನಾಭಿಪ್ರಾಯ ಬರಲಿದೆ ಎಂದು ನಿರೀಕ್ಷಿಸುತ್ತಾರೆ. ರಸ್ತೆ ಕೇಳುವ ಪತ್ರಕ್ಕೆ ಅದು ಬೇಡ. ಆಕ್ಷೇಪಣೆಯ ಪತ್ರಕ್ಕೆ ಚೆನ್ನಾಗಿ ಒಪ್ಪುತ್ತದೆ. ಇನ್ನು ಆದೇಶಗಳಲ್ಲಿ ಕಾಣುವ 'ಇನ್ ರೆಸ್ಪೆಕ್ಟ್ ಆಫ್' ಎಂಬುದಕ್ಕೂ ಗೌರವಕ್ಕೂ ಏನೂ ಸಂಬಂಧವಿಲ್ಲ; 'ಕುರಿತಂತೆ' ಎಂದಷ್ಟೇ ಅದರ ಅರ್ಥ.

ಈಗ ಅಭಿಪ್ರಾಯ. 'ಅಕಾರ್ಡಿಂಗ್ ಟು ಮೈ ಒಪಿನಿಯನ್' ಎಂದು ಬರೆಯುವುದು ನಮ್ಮಲ್ಲಿ ವಾಡಿಕೆ. 'ಅಕಾರ್ಡಿಂಗ್ ಟು' ಎಂಬುದು ಬೇರೊಬ್ಬರ ಮಾತನ್ನೋ ದಾಖಲೆಯನ್ನೋ ಆಧರಿಸಿ ಹೇಳುವಾಗ ಬಳಸತಕ್ಕದ್ದು. ಸ್ವಂತ ಅಭಿಪ್ರಾಯಕ್ಕೆ 'ಇನ್ ಮೈ ಒಪಿನಿಯನ್'. ಆದರೆ ಅಧ್ಯಕ್ಷರು ಸಹಿ ಮಾಡುವ ಪತ್ರದಲ್ಲಿ ಇದೂ ಸಲ್ಲದು, ಏಕೆಂದರೆ ಅಭಿಪ್ರಾಯ ಅಧ್ಯಕ್ಷರದಲ್ಲ. 'ಐ ಫೀಲ್' ಎಂದು ಬರೆದರೆ ಇಡೀ ಗ್ರಾಮ ಸಭೆಯ ಮಾತು ಒಬ್ಬರ ಮನಸ್ಸಿನ ಮಾತಾಗಿ ಕಡತ ಸೇರುತ್ತದೆ. 'ದಿ ಗ್ರಾಮ ಸಭಾ ಈಸ್ ಆಫ್ ದಿ ಒಪಿನಿಯನ್ ದಟ್' ಎಂದು ಆರಂಭಿಸಿದರೆ ಮಾತು ಯಾರದೆಂಬುದು ಸ್ಪಷ್ಟ.

ಆಗಲೂ ಅದು ಅಭಿಪ್ರಾಯ ಮಾತ್ರ. ಸಭೆ ನಿರ್ಣಯವನ್ನೇ ಕೈಗೊಂಡಿದ್ದರೆ 'ಒಪಿನಿಯನ್' ಎಂದು ಬರೆದು ಅದರ ತೂಕವನ್ನು ನಾವೇ ಇಳಿಸಬಾರದು. ನಿರ್ಣಯಕ್ಕೆ 'ರೆಸಲ್ಯೂಷನ್', ಅದರ ಜೊತೆಗಾರ 'ಪಾಸ್'. ಸಭೆಯಲ್ಲಿ ಎದ್ದುನಿಂತು ಆಕ್ಷೇಪ ಎತ್ತಿದರೆ 'ರೇಸ್ ಆ್ಯನ್ ಅಬ್ಜೆಕ್ಷನ್'. ಬರಹದಲ್ಲಿ ಸಲ್ಲಿಸಿದರೆ 'ಸಬ್ಮಿಟ್' ಅಥವಾ 'ಫೈಲ್'. ಸಲಹೆಗೆ 'ಮೇಕ್ ಎ ಸಜೆಷನ್'. ಕರಡು ಅಧಿಸೂಚನೆ ಆಕ್ಷೇಪಣೆಯನ್ನೂ ಸಲಹೆಯನ್ನೂ ಬೇರೆ ಬೇರೆಯಾಗಿಯೇ ಹೆಸರಿಸಿ ಕೇಳುವುದರಿಂದ, ನಮ್ಮ ಪತ್ರ ಯಾವುದೆಂಬುದು ವಿಷಯದ ಸಾಲಿನಲ್ಲಿಯೇ ತಿಳಿಯುವಂತಿರಬೇಕು.

ಮಾದರಿಗಾಗಿ ಎರಡು ವಾಕ್ಯ: 'ವಿತ್ ಡ್ಯೂ ರೆಸ್ಪೆಕ್ಟ್, ದಿ ಗ್ರಾಮ ಸಭಾ ಡಸ್ ನಾಟ್ ಅಗ್ರೀ ವಿತ್ ದಿಸ್ ಪ್ರಪೋಸಲ್ ಆ್ಯಂಡ್ ಹ್ಯಾಸ್ ಪಾಸ್ಡ್ ಎ ರೆಸಲ್ಯೂಷನ್ ಅಗೇನ್ಸ್ಟ್ ಇಟ್. ಎ ಕಾಪಿ ಈಸ್ ಎನ್‌ಕ್ಲೋಸ್ಡ್.' ಅಂದರೆ, ಪ್ರಸ್ತಾವವನ್ನು ಗ್ರಾಮ ಸಭೆ ಒಪ್ಪುವುದಿಲ್ಲ, ಅದರ ವಿರುದ್ಧ ನಿರ್ಣಯ ಅಂಗೀಕರಿಸಿದೆ, ಪ್ರತಿ ಲಗತ್ತಿಸಿದೆ. ಪ್ರಸ್ತಾವವನ್ನು ಬೆಂಬಲಿಸುವ ಸಭೆಗಳು 'ಸಪೋರ್ಟ್ಸ್ ದಿಸ್ ಪ್ರಪೋಸಲ್' ಎಂದೂ, 'ಅಗೇನ್ಸ್ಟ್ ಇಟ್' ಎಂಬಲ್ಲಿ 'ಇನ್ ಇಟ್ಸ್ ಫೇವರ್' ಎಂದೂ ಬರೆದು, ಮೊದಲಿನ 'ವಿತ್ ಡ್ಯೂ ರೆಸ್ಪೆಕ್ಟ್' ಅನ್ನು ಬಿಡತಕ್ಕದ್ದು. ಲಗತ್ತಿಸುವ ಪ್ರತಿ ನಡಾವಳಿ ಪುಸ್ತಕದ ಕನ್ನಡ ಮೂಲದ್ದೇ ಆಗಿರಲಿ. ನಿರ್ಣಯದ ಸಂಖ್ಯೆ ಮತ್ತು ದಿನಾಂಕಗಳನ್ನು ಇಂಗ್ಲಿಷ್ ಪತ್ರದಲ್ಲಿಯೂ ನಮೂದಿಸುವುದು.