ಆಪರೇಷನ್ನಿನ ಸಹಿಯೇ ಬೇರೆ, ಸಂಶೋಧನೆಯ ಸಹಿಯೇ ಬೇರೆ

ಸಕ್ಕರೆ ಕಾಯಿಲೆಯಿಂದ ಬೆರಳನ್ನೋ ಪಾದವನ್ನೋ ತೆಗೆಸಿಕೊಂಡವರು ಸಕಲೇಶಪುರ, ಆಲೂರು ಕಡೆಯಿಂದ ನನ್ನ ಕಚೇರಿಗೆ ಬರುತ್ತಾರೆ. ಆಸ್ಪತ್ರೆಯಲ್ಲಿ ಯಾವ್ಯಾವುದಕ್ಕೆ ಸಹಿ ಮಾಡಿದಿರಿ ಎಂದರೆ, "ತೋರಿಸಿದ ಕಡೆಯೆಲ್ಲ ಹಾಕ್ದೆ ಸಾರ್" ಎನ್ನುತ್ತಾರೆ. ಒಂದರ ನಕಲೂ ಕೈಯಲ್ಲಿರುವುದಿಲ್ಲ.

ತೆಗೆದ ಭಾಗವನ್ನು ಸಂಶೋಧನೆಗೆ ಬಳಸಬಹುದು ಎಂಬ ಸಣ್ಣಕ್ಷರದ ಸಾಲು ಆ ಕಾಗದಗಳ ಕಟ್ಟಿನಲ್ಲೇ ಇರಬಹುದು. ಸಂಶೋಧನೆ ತಪ್ಪಲ್ಲ. ಊಟದ ನಂತರ ರಕ್ತದ ಸಕ್ಕರೆಯನ್ನು ಹೆಚ್ಚಾಗಿ ಹೀರುವುದೇ ಮಾಂಸಖಂಡ. ಟೈಪ್ 2 ಮಧುಮೇಹಿಯ ಮಾಂಸಖಂಡದ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿದರೆ ಅಲ್ಲೂ ಅವು ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಔಷಧಿ ಹುಡುಕುವವರಿಗೆ ಅವು ಬೇಕಾಗುವುದು ಅದಕ್ಕೇ. ಕೊಡಿ, ಆದರೆ ತಿಳಿದು ಕೊಡಿ. ಅಮೆರಿಕದ ಹೆನ್ರಿಯೆಟ್ಟಾ ಲ್ಯಾಕ್ಸ್ ಅವರಿಂದ 1951ರಲ್ಲಿ ಕೇಳದೆಯೇ ತೆಗೆದುಕೊಂಡ ಜೀವಕೋಶಗಳ ವ್ಯಾಜ್ಯ ಒಂದು ಕಂಪನಿಯೊಂದಿಗೆ ರಾಜಿಯಾದದ್ದು 2023ರಲ್ಲಿ.

ಒಂದು ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ತಾನಾಗಿ ಅನ್ವಯಿಸದು ಎಂದು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಸಂಶೋಧನೆಯ ವಿವರವನ್ನು ನಿಮಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕು, ಸಂಶೋಧನೆಯನ್ನು ಪರಿಶೀಲಿಸುವ ನೀತಿ ಸಮಿತಿಯ (ಎಥಿಕ್ಸ್ ಕಮಿಟಿ) ಅನುಮತಿ ಇರಬೇಕು. ಬೇಡ ಎಂದರೆ ಚಿಕಿತ್ಸೆಗೆ ತೊಂದರೆ ಮಾಡುವಂತಿಲ್ಲ. ಆದರೆ ಪರೀಕ್ಷೆಗೆ ತೆಗೆದು ಉಳಿದ ಮಾದರಿಯನ್ನು ಹೆಸರು ಅಳಿಸಿ ಬಳಸುವುದಾದರೆ, ಸಮಿತಿ ಒಪ್ಪಿಗೆಯಿಂದ ವಿನಾಯಿತಿ ಕೊಡಬಹುದು.

ಜನ ಸೋಲುವುದು ಒಪ್ಪಿಗೆ ಹಿಂಪಡೆಯುವ ಮಾತಿನಲ್ಲಿ. ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು ಎಂದು ಫಾರಂ ಹೇಳುತ್ತದೆ. ನಿಜ. ಆದರೆ ಮಾದರಿಗೂ ನಿಮ್ಮ ಹೆಸರಿಗೂ ಇರುವ ಕೊಂಡಿಯನ್ನು ಪೂರ್ತಿ ಕಡಿದ ಮೇಲೆ ಯಾವುದು ನಿಮ್ಮದೆಂದು ಹುಡುಕುವವರಾರು? ಆದ್ದರಿಂದ ಸಹಿಗೆ ಮೊದಲೇ ಕೇಳಿ: ಎಷ್ಟು ವರ್ಷ ಇಡುತ್ತೀರಿ, ಬೇರೆಯವರಿಗೆ ಕೊಡುತ್ತೀರಾ, ಹೆಸರು ಯಾವಾಗ ಅಳಿಸುತ್ತೀರಿ? ಒಪ್ಪದ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿ. ಕೌಂಟರಿನವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಹೆಬ್ಬೆಟ್ಟು ಒತ್ತುವವರಿಗೆ ಅಧ್ಯಯನಕ್ಕೆ ಸಂಬಂಧವಿಲ್ಲದ, ಓದುಬರಹ ಬಲ್ಲ ಸಾಕ್ಷಿ ಬೇಕು. ಎಸ್ಟೇಟಿನಲ್ಲಿ ಕೂಲಿ ಮಾಡುವವರಾದರೆ ಅಲ್ಲಿನ ರೈಟರನ್ನೋ ಮೇಸ್ತ್ರಿಯನ್ನೋ ಸಾಕ್ಷಿಯಾಗಿ ನಿಲ್ಲಿಸಬೇಡಿ. ಕೂಲಿ ಬಟವಾಡೆ ಮಾಡುವವನ ಎದುರು ಬೇಡ ಎನ್ನುವ ಧೈರ್ಯ ಯಾರಿಗಿದೆ? ಪ್ರಯಾಣ ವೆಚ್ಚ, ತಪ್ಪಿದ ಕೂಲಿ ಕೊಡಬಹುದು, ಅದೂ ಸಮಿತಿ ಒಪ್ಪಿದ್ದಷ್ಟೇ. "ಇಷ್ಟು ಸಾವಿರ ಕೊಡಿಸ್ತೀನಿ" ಎಂದು ಲೈನ್ ಮನೆಗೆ ಬರುವ ದಲ್ಲಾಳಿಯನ್ನು ಬಾಗಿಲಲ್ಲೇ ಕಳಿಸಿ.

ಸಹಿ ಈಗಾಗಲೇ ಆಗಿದ್ದರೆ ದಾಖಲೆಗೆ ಲಿಖಿತ ಅರ್ಜಿ ಕೊಡಿ. ವೈದ್ಯರು 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ನಿಯಮಾವಳಿ ಹೇಳುತ್ತದೆ. "ಸಾಹೇಬ್ರು ಇಲ್ಲ, ನಾಳೆ ಬನ್ನಿ" ಎಂಬುದು ಉತ್ತರವಲ್ಲ. ಅರ್ಜಿಯ ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳದೆ ಹೊರಬೀಳಬೇಡಿ. ಸರ್ಕಾರಿ ಆಸ್ಪತ್ರೆಯಾದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯೂ ಇದೆ, ಅವಧಿ 30 ದಿನ. ಹಣ ಕಟ್ಟಿದ ಖಾಸಗಿ ಆಸ್ಪತ್ರೆಯ ಮೇಲೆ ಗ್ರಾಹಕ ಆಯೋಗಕ್ಕೆ ಹೋಗುವುದಿದ್ದರೆ ಎರಡು ವರ್ಷದೊಳಗೆ ಹೋಗಿ. ವಕೀಲರ ಫೀಸಿಗೆ ಹೆದರುವವರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಉಚಿತ ಕಾನೂನು ನೆರವಿಗೆ ಆದಾಯದ ಮಿತಿಯಿಲ್ಲ.